ಸತ್ತವಳಿಗಾಗಿ ಮೊಳಗಿದ ಗಂಟೆ: ‘ಬ್ರೇಕಿಂಗ್ ದ ವೇವ್ಸ್’ ನೋಡಿದವರು ಯಾಕೆ ಎರಡು ಪಾಲಾಗುತ್ತಾರೆ?

‘ಬ್ರೇಕಿಂಗ್ ದ ವೇವ್ಸ್’ ನೋಡಿದವರನ್ನು ಅದರ ಕೊನೆಯ ಒಂದು ನಿಮಿಷದ ಬಗ್ಗೆ ಕೇಳಿ ನೋಡಿ. ಕೆಲವರ ಗಂಟಲು ಕಟ್ಟುತ್ತದೆ. ಕೆಲವರಿಗೆ ಸಿಟ್ಟು ನೆತ್ತಿಗೇರುತ್ತದೆ. ‘ಪರವಾಗಿಲ್ಲ, ಒಂದು ಸಲ ನೋಡಬಹುದು’ ಅನ್ನುವವರು ಸಿಗುವುದು ಕಷ್ಟ. 1996ರಲ್ಲಿ ಡೆನ್ಮಾರ್ಕಿನ ಲಾರ್ಸ್ ವಾನ್ ಟ್ರಿಯರ್ ಮಾಡಿದ ಸಿನಿಮಾ ಇದು. ಕಾನ್ ಚಿತ್ರೋತ್ಸವದ ಎರಡನೇ ದೊಡ್ಡ ಪ್ರಶಸ್ತಿ ಗ್ರಾನ್ ಪ್ರಿ ಇದಕ್ಕೆ ಬಂತು. ಮೊದಲ ಸಲ ಸಿನಿಮಾದಲ್ಲಿ ನಟಿಸಿದ ಎಮಿಲಿ ವಾಟ್ಸನ್ ಆಸ್ಕರ್ ನಾಮನಿರ್ದೇಶನ ಪಡೆದರು. ಅಮೆರಿಕದ ವಿಮರ್ಶಕ ರಾಜರ್ ಈಬರ್ಟ್ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು. ಹೆಣ್ಣನ್ನು ಹಿಂಸಿಸಿ, ಆ ಹಿಂಸೆಗೆ ದೇವರ ಮುದ್ರೆ ಒತ್ತುವ ಸಿನಿಮಾ ಇದು ಅಂದವರೂ ಆಗಲೇ ಇದ್ದರು. ಮೂವತ್ತು ವರ್ಷ ಆಗುತ್ತಾ ಬಂತು. ಹೊಸದಾಗಿ ನೋಡುವವರೂ ಅದೇ ಜಾಗಕ್ಕೆ ಬಂದು ಎರಡು ಪಾಲಾಗುತ್ತಾರೆ.

ಕತೆ ಹೇಳದೆ ಈ ಜಗಳ ಅರ್ಥ ಆಗುವುದಿಲ್ಲ. ಹಾಗಾಗಿ ಕೊನೆಯವರೆಗೂ ಹೇಳುತ್ತೇನೆ. ಕೊನೆ ಗೊತ್ತಾಗಬಾರದು ಅನ್ನುವವರು ಸಿನಿಮಾ ನೋಡಿ ಬಂದು ಓದಿ. ಆದರೆ ಇದರಲ್ಲಿ ಲೈಂಗಿಕ ಹಿಂಸೆ ಇದೆ, ಅದು ನೋಡಿದ ಮೇಲೂ ಮನಸ್ಸಿನಿಂದ ಬೇಗ ಹೋಗುವುದಿಲ್ಲ. ಇದು ಮೊದಲೇ ಗೊತ್ತಿರುವುದು ಒಳ್ಳೆಯದು.

ಸ್ಕಾಟ್ಲೆಂಡಿನ ಉತ್ತರದ ಕರಾವಳಿ, 1970ರ ದಶಕದ ಶುರು. ಕಟ್ಟುನಿಟ್ಟಿನ ಕ್ಯಾಲ್ವಿನಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಥ) ಚರ್ಚ್ ಸಭೆಯ ಹಿಡಿತದಲ್ಲಿರುವ ಒಂದು ಪುಟ್ಟ ಊರು. ಬೆಸ್ ಅನ್ನುವ ಹುಡುಗಿ ಹೊರಗಿನವನಾದ ಯಾನ್‌ನನ್ನು ಮದುವೆಯಾಗುತ್ತಾಳೆ. ಅವನು ಸಮುದ್ರದ ನಡುವಿನ ತೈಲ ಬಾವಿಯಲ್ಲಿ ಕೆಲಸ ಮಾಡುವವನು. ಅವನು ಕೆಲಸಕ್ಕೆ ಮರಳಿದಾಗ ಬೆಸ್‌ಗೆ ಅಗಲಿಕೆ ತಡೆಯಲಾಗುವುದಿಲ್ಲ. ಅವನನ್ನು ಬೇಗ ಮನೆಗೆ ಕಳಿಸು ಅಂತ ದೇವರನ್ನು ಬೇಡುತ್ತಾಳೆ. ಯಾನ್ ಬರುತ್ತಾನೆ, ಆದರೆ ಅಪಘಾತದಲ್ಲಿ ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡು. ತನ್ನ ಬೇಡಿಕೆಯೇ ಹೀಗೆ ಮಾಡಿತು ಅಂತ ಬೆಸ್ ನಂಬುತ್ತಾಳೆ. ಆಸ್ಪತ್ರೆಯ ಹಾಸಿಗೆಯಿಂದ ಯಾನ್ ಒಂದು ಮಾತು ಹೇಳುತ್ತಾನೆ: ನೀನು ಬೇರೆ ಗಂಡಸರ ಜೊತೆ ಮಲಗಬೇಕು, ಬಂದು ನನಗೆ ಅದನ್ನೆಲ್ಲ ಹೇಳಬೇಕು, ಅದೇ ನನ್ನನ್ನು ಬದುಕಿಸುತ್ತದೆ. ಬೆಸ್‌ಗೆ ಅಸಹ್ಯವಾಗುತ್ತದೆ. ಆದರೂ ಹೋಗುತ್ತಾಳೆ. ಗಂಡನ ಸ್ಥಿತಿ ಸ್ವಲ್ಪ ಸುಧಾರಿಸಿದಾಗಲೆಲ್ಲ ಅದು ತನ್ನಿಂದಲೇ ಆಯಿತು ಅಂದುಕೊಳ್ಳುತ್ತಾಳೆ. ಸಭೆ ಅವಳನ್ನು ಹೊರಹಾಕುತ್ತದೆ. ಊರಿನ ಮಕ್ಕಳು ಕಲ್ಲು ಹೊಡೆಯುತ್ತಾರೆ. ಹೆತ್ತ ತಾಯಿ ಬಾಗಿಲು ತೆರೆಯುವುದಿಲ್ಲ. ಯಾನ್ ಸಾಯುವ ಹಂತದಲ್ಲಿದ್ದಾನೆ ಅಂತ ತಿಳಿದಾಗ, ಒಮ್ಮೆ ಹೆದರಿ ಓಡಿಬಂದಿದ್ದ ಕ್ರೂರ ನಾವಿಕರ ಹಡಗಿಗೇ ಬೆಸ್ ಮತ್ತೆ ಹೋಗುತ್ತಾಳೆ, ಬೇಕೆಂದೇ. ಅಲ್ಲಿ ಆದ ಗಾಯಗಳಿಂದ ಸಾಯುತ್ತಾಳೆ.

ಸಿನಿಮಾ ಇಲ್ಲಿಗೇ ನಿಂತಿದ್ದರೆ ಇಷ್ಟು ಜಗಳ ಇರುತ್ತಿರಲಿಲ್ಲ. ಆದರೆ ಯಾನ್ ಎದ್ದು ನಡೆಯುತ್ತಾನೆ. ಬೆಸ್‌ಳನ್ನು ನರಕಕ್ಕೆ ಒಪ್ಪಿಸಿ ಹೂಳಲು ಹೊರಟ ಸಭೆಯ ಹಿರಿಯರ ಕಣ್ಣು ತಪ್ಪಿಸಿ ಹೆಣವನ್ನು ಸಮುದ್ರಕ್ಕೆ ಬಿಡುತ್ತಾನೆ. ಬೆಳಿಗ್ಗೆ ಆಕಾಶದಲ್ಲಿ ಗಂಟೆ ಮೊಳಗುತ್ತದೆ. ರೇಡಾರಿನಲ್ಲಿ ಏನೂ ಕಾಣುವುದಿಲ್ಲ. ಕ್ಯಾಮೆರಾ ಮೋಡಗಳ ಮೇಲಕ್ಕೆ ಹೋಗಿ ಅಲ್ಲಿ ತೂಗುತ್ತಿರುವ ದೊಡ್ಡ ಗಂಟೆಗಳನ್ನು ತೋರಿಸುತ್ತದೆ. ಆ ಊರಿನ ಚರ್ಚಿನಲ್ಲಿ ಗಂಟೆಯೇ ಇರಲಿಲ್ಲ. ದೇವರನ್ನು ಆರಾಧಿಸಲು ಗಂಟೆ ಬೇಡ ಅಂತ ಶುರುವಿನಲ್ಲೇ ಪಾದ್ರಿ ಹೇಳಿರುತ್ತಾನೆ.

ಜಗಳ ಹುಟ್ಟುವುದು ಇಲ್ಲೇ. ಅಲ್ಲಿಯವರೆಗೆ ಇದನ್ನು ಒಂದು ಮುಗ್ಧ ಮನಸ್ಸು ದಾರಿ ತಪ್ಪಿದ ದುರಂತ ಅಂತ ನೋಡಬಹುದಿತ್ತು. ಗಂಟೆ ಮೊಳಗಿದ ಮೇಲೆ ಹಾಗೆ ನೋಡಲು ಸಿನಿಮಾ ಬಿಡುವುದಿಲ್ಲ. ಬೆಸ್ ನಂಬಿದ್ದು ನಿಜವಾಗಿತ್ತು ಅಂತ ಅದು ನೇರವಾಗಿ ಹೇಳುತ್ತದೆ. ನಿಜವಾಗಿದ್ದರೆ, ಅವಳ ಮೇಲೆ ನಡೆದ ಅಷ್ಟೂ ಹಿಂಸೆಯನ್ನು ದೇವರು ಬೆಲೆಯಾಗಿ ತೆಗೆದುಕೊಂಡ ಅಂತ ಅರ್ಥವಾ? ಮೆಚ್ಚಿದವರೂ ಸಿಟ್ಟಾದವರೂ ನಿಂತಿರುವುದು ಇದೇ ಪ್ರಶ್ನೆಯ ಮುಂದೆ.

ಬೆಸ್ ಪ್ರಾರ್ಥನೆ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಖಾಲಿ ಚರ್ಚಿನಲ್ಲಿ ಒಬ್ಬಳೇ ಕೂರುತ್ತಾಳೆ. ಮೊದಲು ತನ್ನ ಸಣ್ಣ, ಭಯಭರಿತ ದನಿಯಲ್ಲಿ ಕೇಳುತ್ತಾಳೆ. ಆಮೇಲೆ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ದನಿ ದಪ್ಪ ಮಾಡಿಕೊಂಡು ದೇವರಾಗಿ ಉತ್ತರ ಕೊಡುತ್ತಾಳೆ. ಆ ದೇವರು ಗದರುತ್ತಾನೆ, ಒಳ್ಳೆಯ ಹುಡುಗಿಯಾಗಿರು ಅನ್ನುತ್ತಾನೆ, ಸ್ವಾರ್ಥಿ ಅಂತ ಬೈಯುತ್ತಾನೆ. ಅವನ ಮಾತಿನ ಧಾಟಿ ಊರ ಹಿರಿಯರದ್ದೇ. ಚಿಕ್ಕಂದಿನಿಂದ ಅವಳು ಕೇಳಿದ ಗದರಿಕೆಗಳೆಲ್ಲ ಸೇರಿ ಆ ದನಿ ಆಗಿದೆ ಅಂತ ಅನಿಸದೇ ಇರುವುದಿಲ್ಲ. ಅಷ್ಟಾದರೂ ಅವಳಿಗೆ ಮಾತಾಡಲು ಸಿಕ್ಕಿರುವ ಏಕೈಕ ಸಂಗಾತಿ ಅವನೇ. ಚರ್ಚಿನಲ್ಲಿ ಹೆಂಗಸರು ಬಾಯಿ ಬಿಡುವಂತಿಲ್ಲ. ಒಂದು ದಿನ ಅವಳು ಆ ನಿಯಮ ಮುರಿದು ಎಲ್ಲರ ಮುಂದೆ ಹೇಳುತ್ತಾಳೆ: ಮಾತನ್ನು (ಬೈಬಲಿನ ವಾಕ್ಯವನ್ನು) ಪ್ರೀತಿಸುವುದು ಹೇಗೆ ಸಾಧ್ಯ? ಪ್ರೀತಿಸಬಹುದಾದ್ದು ಇನ್ನೊಬ್ಬ ಮನುಷ್ಯನನ್ನು. ಅವಳನ್ನು ಹೊರಹಾಕುವುದು ಆಗಲೇ. ಇಡೀ ಸಿನಿಮಾದ ಧರ್ಮ ಇರುವುದು ಆ ಒಂದು ಮಾತಿನಲ್ಲಿ ಅಂತ ನನ್ನ ಅನಿಸಿಕೆ.

ಈ ಎರಡು ದನಿಯ ದೃಶ್ಯದಿಂದಲೇ ನೋಡುಗರು ಬೇರೆಯಾಗಲು ಶುರುಮಾಡುತ್ತಾರೆ. ಕೆಲವರಿಗೆ ಇದು ಕಾಯಿಲೆಯ ಲಕ್ಷಣ. ಅಣ್ಣ ಸತ್ತಾಗ ಬೆಸ್‌ಳನ್ನು ಮಾನಸಿಕ ಚಿಕಿತ್ಸೆಗೆ ಸೇರಿಸಿದ್ದರು ಅನ್ನುವುದನ್ನು ಸಿನಿಮಾವೇ ಹೇಳುತ್ತದೆ. ಹೀಗೆ ನೋಡುವವರ ಪ್ರಶ್ನೆ ಸರಳ: ಕಾಯಿಲೆಯಾದವಳನ್ನು ಯಾರೂ ಕಾಪಾಡಲಿಲ್ಲವಲ್ಲ, ಇದರಲ್ಲಿ ಪವಾಡ ಎಲ್ಲಿಂದ ಬಂತು? ಇವರ ಪರವಾಗಿ ಮಾತಾಡಲು ಸಿನಿಮಾದೊಳಗೇ ಒಬ್ಬ ಡಾಕ್ಟರ್ ಇದ್ದಾನೆ. ಆದರೆ ಅವಳ ಸಾವಿನ ವಿಚಾರಣೆಯಲ್ಲಿ ಅವನೇ, ಈಗ ವರದಿ ಬರೆಯಬೇಕೆಂದರೆ ಕಾಯಿಲೆಯ ಹೆಸರಿನ ಬದಲು ‘ಒಳ್ಳೆಯವಳು’ ಅಂತ ಬರೆಯುತ್ತಿದ್ದೆನೇನೋ ಅನ್ನುತ್ತಾನೆ. ಒಳ್ಳೆಯತನವೇ ಆಕೆಯ ಸಾವಿಗೆ ಕಾರಣವಾದ ರೋಗ ಅಂತ ದಾಖಲಿಸಬೇಕಾ ಅಂತ ನ್ಯಾಯಾಧೀಶ ಕೇಳುತ್ತಾನೆ. ಡಾಕ್ಟರ್ ಹಿಂದೆ ಸರಿಯುತ್ತಾನೆ. ಇಡೀ ಸಿನಿಮಾದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ದೃಶ್ಯ ಅದು. ಹಡಗಿನ ದೃಶ್ಯಕ್ಕಿಂತಲೂ.

ಆ ಊರು, ಆ ಸಭೆ ಎಷ್ಟು ನಿಜ? ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಇಂಥ ಕಟ್ಟುನಿಟ್ಟು ಇತ್ತು, ಸ್ವಲ್ಪ ಈಗಲೂ ಇದೆ. ಭಾನುವಾರ ಪೂರ್ತಿ ವಿಶ್ರಾಂತಿ, ಅಂಗಡಿ ಇರಲಿಲ್ಲ, ಪ್ರಯಾಣ ಇರಲಿಲ್ಲ. 1965ರಲ್ಲಿ ಸ್ಕೈ ದ್ವೀಪಕ್ಕೆ ಮೊದಲ ಭಾನುವಾರದ ಫೆರಿ ಬಂದಾಗ ಒಬ್ಬ ಪಾದ್ರಿ ಕಾರುಗಳ ಮುಂದೆ ಅಡ್ಡ ಮಲಗಿ ಬಂಧನಕ್ಕೊಳಗಾದರು. ಲೂಯಿಸ್ ದ್ವೀಪದ ಸ್ಟಾರ್ನೊವೆಗೆ ಭಾನುವಾರದ ಫೆರಿ ಬಂದದ್ದು 2009ರಲ್ಲಿ. ಇದೇ ಪಂಥದ ಫ್ರೀ ಚರ್ಚ್ ಆಫ್ ಸ್ಕಾಟ್ಲೆಂಡ್ ತನ್ನ ಆರಾಧನೆಯಲ್ಲಿ ವಾದ್ಯಗಳಿಗೆ, ಬೈಬಲಿನ ಕೀರ್ತನೆಗಳಲ್ಲದ ಹಾಡುಗಳಿಗೆ ಜಾಗ ಕೊಟ್ಟದ್ದು 2010ರಲ್ಲಿ. ಹಾಗಾಗಿ, ಹೊರಗಿನವರು ನಮಗೆ ತಂದುಕೊಟ್ಟ ಬೆಲೆಬಾಳುವಂಥದ್ದು ಏನಾದರೂ ಇದೆಯಾ ಅಂತ ಹಿರಿಯರು ಕೇಳಿದಾಗ ಬೆಸ್ ‘ಅವರ ಸಂಗೀತ?’ ಅನ್ನುವುದು ಸಣ್ಣ ಉತ್ತರ ಅಲ್ಲ. ಪ್ರತಿ ಅಧ್ಯಾಯದ ಶುರುವಿನಲ್ಲಿ ಒಂದು ನಿಸರ್ಗದ ಚಿತ್ರ, ಅದರ ಮೇಲೆ ಆ ಕಾಲದ ಒಂದು ರಾಕ್ ಅಥವಾ ಪಾಪ್ ಹಾಡು ಬರುತ್ತದೆ. ಆ ಊರಿಗೆ ತೈಲದ ಜೊತೆ ಬಂದ ಹೊರಜಗತ್ತು ಅದು.

ಆದರೆ ಹೆಣದ ಮುಂದೆ ನಿಂತು ‘ನಿನ್ನನ್ನು ನರಕಕ್ಕೆ ಒಪ್ಪಿಸುತ್ತೇವೆ’ ಅನ್ನುವುದು ಬೇರೆ ವಿಷಯ. ಕ್ಯಾಲ್ವಿನಿಸ್ಟರ ನಂಬಿಕೆ ಪ್ರಕಾರ ಯಾರಿಗೆ ಮೋಕ್ಷ ಅನ್ನುವುದನ್ನು ದೇವರು ಮೊದಲೇ ತೀರ್ಮಾನಿಸಿದ್ದಾನೆ. ಅದು ಮನುಷ್ಯರಿಗೆ ತಿಳಿಯುವ ವಿಷಯವಲ್ಲ. ಅಂಥ ಸಭೆಯ ಹಿರಿಯರು ಒಬ್ಬಳ ಹೆಸರು ಹಿಡಿದು ನರಕದ ತೀರ್ಪು ಕೊಡುವುದು ಅವರ ಸಿದ್ಧಾಂತಕ್ಕೇ ವಿರುದ್ಧ. ಇದನ್ನು ವ್ಯಂಗ್ಯಚಿತ್ರ ಅಂತ ಒಬ್ಬ ಪ್ರೆಸ್ಬಿಟೇರಿಯನ್ (ಸ್ಕಾಟ್ಲೆಂಡಿನ ಕ್ಯಾಲ್ವಿನಿಸ್ಟ್ ಚರ್ಚಿನವನು) ದೂರಿದರೆ ಅದರಲ್ಲಿ ನ್ಯಾಯ ಇದೆ. ಟ್ರಿಯರ್ ಧರ್ಮ ಇಲ್ಲದ ಮನೆಯಲ್ಲಿ ಬೆಳೆದು, ದೊಡ್ಡವರಾದ ಮೇಲೆ ಕ್ಯಾಥೊಲಿಕ್ ಆದವರು. ಬಲಿ, ಪವಾಡ, ಗಂಟೆ ಇವೆಲ್ಲ ಆ ಕಡೆಯಿಂದ ಬಂದವು ಅನಿಸುತ್ತದೆ. ಕ್ಯಾಥೊಲಿಕ್ ಕೊನೆಯೊಂದನ್ನು ಪ್ರೊಟೆಸ್ಟೆಂಟ್ ಊರಿನ ತಲೆಯ ಮೇಲೆ ತಂದಿಟ್ಟಿದ್ದಾರೆ.

ಕ್ರೈಸ್ತ ನೋಡುಗರೇ ಇದರಲ್ಲಿ ಒಂದಾಗಿಲ್ಲ. ಕೆಲವರಿಗೆ ಬೆಸ್ ಯೇಸುವಿನ ರೂಪ: ತನ್ನವರಿಂದಲೇ ತಿರಸ್ಕಾರ, ಕಲ್ಲಿನೇಟು, ‘ತಂದೆಯೇ, ಎಲ್ಲಿದ್ದೀಯಾ’ ಅನ್ನುವ ಕೂಗು, ಇನ್ನೊಬ್ಬರಿಗಾಗಿ ಸಾವು. ಇನ್ನು ಕೆಲವರಿಗೆ ಇದು ದೇವದೂಷಣೆ. ಯೇಸು ಸತ್ತದ್ದು ಇನ್ನೊಬ್ಬನ ಲೈಂಗಿಕ ಕಲ್ಪನೆಯನ್ನು ಈಡೇರಿಸಲು ಅಲ್ಲವಲ್ಲ ಅಂತ ಅವರು ಕೇಳುತ್ತಾರೆ. ಅದು ತಳ್ಳಿಹಾಕುವಂಥ ಮಾತಲ್ಲ.

ಹೆಣ್ಣಿನ ದೃಷ್ಟಿಯಿಂದ ಬರುವ ತಕರಾರು ಎಲ್ಲಕ್ಕಿಂತ ಗಟ್ಟಿ. ಗಂಡಸೊಬ್ಬ ಬದುಕಲು ಹೆಂಗಸೊಬ್ಬಳು ತನ್ನ ಮೈಯನ್ನು, ಕೊನೆಗೆ ಜೀವವನ್ನು ಕೊಡಬೇಕು, ಕೊಟ್ಟದ್ದಕ್ಕೆ ಆಕಾಶ ಚಪ್ಪಾಳೆ ತಟ್ಟಬೇಕು. ಇದು ಹೊಸ ಕತೆಯೇನೂ ಅಲ್ಲ. ಟ್ರಿಯರ್ ಚಿಕ್ಕಂದಿನಲ್ಲಿ ಓದಿದ ಒಂದು ಚಿತ್ರಪುಸ್ತಕದಿಂದ ಇದು ಹುಟ್ಟಿತು ಅಂತ ಅವರೇ ಹೇಳಿದ್ದಾರೆ. ಕಾಡಿಗೆ ಹೋದ ಪುಟ್ಟ ಹುಡುಗಿ ತನ್ನ ಬಳಿ ಇದ್ದದ್ದನ್ನೆಲ್ಲ ಕಂಡವರಿಗೆ ಕೊಟ್ಟು, ಕೊನೆಗೆ ಮೈಮೇಲೆ ಬಟ್ಟೆಯೂ ಇಲ್ಲದೆ, ‘ನನಗೇನೂ ತೊಂದರೆ ಇಲ್ಲ’ ಅನ್ನುವ ಕತೆ. ಇದಾದ ಮೇಲೆ ಬಂದ ‘ದಿ ಈಡಿಯಟ್ಸ್’ (1998), ‘ಡ್ಯಾನ್ಸರ್ ಇನ್ ದ ಡಾರ್ಕ್’ (2000) ಕೂಡ ಅದೇ ಎಳೆಯವು. ‘ಡ್ಯಾನ್ಸರ್ ಇನ್ ದ ಡಾರ್ಕ್’ನಲ್ಲಿ ನಟಿಸಿದ ಗಾಯಕಿ ಬ್ಯೋರ್ಕ್ 2017ರಲ್ಲಿ, ಹೆಸರು ಹೇಳದೆ, ಒಬ್ಬ ಡೇನಿಶ್ ನಿರ್ದೇಶಕನಿಂದ ತನಗೆ ಲೈಂಗಿಕ ಕಿರುಕುಳ ಆಯಿತು ಅಂತ ಬರೆದರು. ಟ್ರಿಯರ್ ಅದನ್ನು ನಿರಾಕರಿಸಿದರು. ಆ ಮಾತು ಗೊತ್ತಿರುವ ಇವತ್ತಿನ ನೋಡುಗರು 1996ರ ನೋಡುಗರ ಹಾಗೆ ಈ ಸಿನಿಮಾ ನೋಡಲು ಆಗುವುದಿಲ್ಲ. ನೋಡಬೇಕಾಗಿಯೂ ಇಲ್ಲ.

ಇನ್ನೊಂದು ತಕರಾರಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಯಾನ್‌ನ ಸ್ವಾಧೀನವಿಲ್ಲದ ದೇಹವನ್ನು ಸಿನಿಮಾ ಹೇಗೆ ನೋಡುತ್ತದೆ? ಅದು ಬದುಕೇ ಅಲ್ಲ ಅನ್ನುವ ಹಾಗೆ. ಅವನ ಮುಂದೆ ಇರುವುದು ಎರಡೇ ದಾರಿ: ಸಾಯಬೇಕು, ಇಲ್ಲವೇ ಎದ್ದು ನಡೆಯಬೇಕು. ಗಾಲಿಕುರ್ಚಿಯಲ್ಲಿ, ಬೆಸ್ ಜೊತೆ, ಪ್ರೀತಿಯಿಂದ ಬಾಳುವ ಮೂರನೇ ದಾರಿ ಯಾರ ತಲೆಗೂ ಬರುವುದಿಲ್ಲ. ಬಂದಿದ್ದರೆ ಅಷ್ಟು ದೊಡ್ಡ ಬಲಿಯ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ?

ಯಾನ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನು ಬರೀ ಕೆಟ್ಟವನಲ್ಲ. ಮೊದಮೊದಲು ಬೆಸ್ ತನಗೆ ಕಟ್ಟಿಬಿದ್ದು ಒಣಗಬಾರದು ಅನ್ನುವ ಕಾಳಜಿ ಅವನ ಮಾತಿನಲ್ಲಿ ಇದೆ. ತಲೆಗೆ ಪೆಟ್ಟು, ಔಷಧಿಗಳ ಮಂಪರು ಬೇರೆ. ಆಮೇಲೆ ಅವಳನ್ನು ಆಸ್ಪತ್ರೆಗೆ ಸೇರಿಸುವ ಕಾಗದಕ್ಕೆ ಅವನೇ ಸಹಿ ಹಾಕುತ್ತಾನೆ. ಆದರೆ ಅವನು ಹೇಳಿದ್ದನ್ನು ಬೆಸ್ ಮಾಡಿದ ರೀತಿ ನೆನೆಸಿಕೊಳ್ಳಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬ ಅಪರಿಚಿತ ಮುದುಕನ ಪಕ್ಕ ಹೋಗಿ ಕೂರುತ್ತಾಳೆ. ಕೆಲಸ ಮುಗಿದ ಮೇಲೆ ಇಳಿದು ವಾಂತಿ ಮಾಡುತ್ತಾಳೆ. ಛಾಯಾಗ್ರಾಹಕ ರಾಬಿ ಮ್ಯೂಲರ್ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಅವಳ ಮುಖದ ಹಿಂದೆಯೇ ಓಡಾಡುತ್ತಾರೆ. ಫಿಲ್ಮಿನಲ್ಲಿ ತೆಗೆದದ್ದನ್ನು ವಿಡಿಯೋಗೆ ಹಾಕಿ, ಮತ್ತೆ ಫಿಲ್ಮಿಗೆ ತಂದಿದ್ದರಿಂದ ಬಣ್ಣ ಮಾಸಿ, ಚಿತ್ರ ಕಾಳುಕಾಳಾಗಿ, ಮನೆಯ ಹಳೆಯ ವಿಡಿಯೋ ನೋಡಿದ ಹಾಗಿರುತ್ತದೆ. ಅಂಥ ಚಿತ್ರವನ್ನು ನಾವು ತಕ್ಷಣ ನಂಬಿಬಿಡುತ್ತೇವೆ. ಎರಡೂವರೆ ಗಂಟೆಗೂ ಜಾಸ್ತಿ ಹೊತ್ತು ನಂಬಿಸಿ, ಕೊನೆಗೆ ಆಕಾಶದ ಗಂಟೆ ತೋರಿಸಿದಾಗ ಕೆಲವರಿಗೆ ಮೋಸ ಹೋದ ಹಾಗೆ ಆಗುವುದು ಇದರಿಂದಲೇ.

ಎಮಿಲಿ ವಾಟ್ಸನ್ ಬದುಕಿನಲ್ಲಿ ನಡೆದದ್ದೂ ಇಲ್ಲಿ ಸೇರಬೇಕು. ಈ ಪಾತ್ರಕ್ಕೆ ಮೊದಲು ಗೊತ್ತಾಗಿದ್ದ ಹೆಲೆನಾ ಬಾನಮ್ ಕಾರ್ಟರ್ ಹಿಂದೆ ಸರಿದ ಮೇಲೆ ಅದು ವಾಟ್ಸನ್ ಪಾಲಿಗೆ ಬಂತು. ಒಪ್ಪಿಕೊಂಡದ್ದಕ್ಕೆ, ತಾನು ಬೆಳೆದ ಆಧ್ಯಾತ್ಮಿಕ ಸಂಸ್ಥೆಯೊಂದರಿಂದ ತನ್ನನ್ನು ಹೊರಹಾಕಿದರು ಅಂತ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ.

ನಮ್ಮ ಕಡೆಯವರು ಈ ಸಿನಿಮಾ ನೋಡುವಾಗ ಇನ್ನೊಂದು ಕತೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಮಾರ್ಕಂಡೇಯ ಪುರಾಣದ ಕೌಶಿಕನ ಕತೆ. ಅವನು ಕುಷ್ಠರೋಗಿ, ನಡೆಯಲಾಗದವನು. ಅವನಿಗೆ ಒಬ್ಬ ವೇಶ್ಯೆಯ ಮೇಲೆ ಆಸೆ ಹುಟ್ಟುತ್ತದೆ. ಹೆಂಡತಿ ಅವನನ್ನು ಹೆಗಲ ಮೇಲೆ ಹೊತ್ತು ರಾತ್ರಿ ಅವಳ ಮನೆಗೆ ಹೊರಡುತ್ತಾಳೆ. ಕತ್ತಲಲ್ಲಿ ಶೂಲದ ಮೇಲಿದ್ದ ಮಾಂಡವ್ಯ ಋಷಿಗೆ ಕೌಶಿಕನ ಕಾಲು ತಾಗುತ್ತದೆ. ಸೂರ್ಯ ಹುಟ್ಟಿದೊಡನೆ ಇವನು ಸಾಯಲಿ ಅಂತ ಋಷಿ ಶಪಿಸುತ್ತಾನೆ. ಹಾಗಾದರೆ ಸೂರ್ಯನೇ ಹುಟ್ಟದಿರಲಿ ಅನ್ನುತ್ತಾಳೆ ಹೆಂಡತಿ. ಸೂರ್ಯ ಹುಟ್ಟುವುದಿಲ್ಲ. ದೇವತೆಗಳು ಕಂಗಾಲಾಗಿ ಅನಸೂಯೆಯ ಹತ್ತಿರ ಓಡುತ್ತಾರೆ. ಅನಸೂಯೆ ಅವಳನ್ನು ಒಪ್ಪಿಸುತ್ತಾಳೆ. ಸೂರ್ಯ ಹುಟ್ಟುತ್ತಾನೆ, ಕೌಶಿಕ ಸಾಯುತ್ತಾನೆ, ಅನಸೂಯೆಯ ಬಲದಿಂದ ರೋಗ ಕಳೆದು ಯುವಕನಾಗಿ ಏಳುತ್ತಾನೆ. ಓಡಾಡಲಾಗದ ಗಂಡ, ಅವನ ಅಡ್ಡದಾರಿಯ ಆಸೆ, ಪ್ರಶ್ನಿಸದೆ ನಡೆಸಿಕೊಡುವ ಹೆಂಡತಿ, ಕೊನೆಗೆ ಪವಾಡ. ಸ್ಕಾಟ್ಲೆಂಡಿನ ಕತೆಗೂ ಇದಕ್ಕೂ ಎಷ್ಟೊಂದು ಹತ್ತಿರ! ಇಂಥ ಕತೆಗಳನ್ನು ಕೇಳುತ್ತಾ ಬೆಳೆದವರಿಗೆ ಬೆಸ್ ಅಷ್ಟೇನೂ ವಿಚಿತ್ರವಾಗಿ ಕಾಣದೇ ಇರಬಹುದು. ಅದೇ ಕತೆಗಳನ್ನು ಕೇಳಿ ಕೇಳಿ ರೋಸಿಹೋದವರಿಗೆ, ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳಿಗೆ, ಮೊದಲ ಅರ್ಧ ಗಂಟೆಯಲ್ಲೇ ಕೊನೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗಿ ಸಿಟ್ಟು ಬರಬಹುದು.

ಆದರೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೌಶಿಕನ ಹೆಂಡತಿ ಬದುಕುತ್ತಾಳೆ. ಅವಳ ಒಂದು ಮಾತಿಗೆ ಲೋಕ ನಿಲ್ಲುತ್ತದೆ, ದೇವತೆಗಳು ಬಂದು ಬೇಡಿಕೊಳ್ಳಬೇಕಾಗುತ್ತದೆ. ಅವಳ ಬೆನ್ನಿಗೆ ಇನ್ನೊಬ್ಬ ಹೆಣ್ಣು ಇದ್ದಾಳೆ, ಆ ಹೆಣ್ಣಿಗೆ ಸತ್ತವನನ್ನು ಎಬ್ಬಿಸುವ ಶಕ್ತಿಯೂ ಇದೆ. ಬೆಸ್‌ಗೂ ಒಬ್ಬ ಹೆಣ್ಣಿನ ಆಸರೆ ಇದೆ, ಅಣ್ಣನ ವಿಧವೆ ಡೋಡೊ. ಕ್ಯಾಟ್ರಿನ್ ಕಾರ್ಟ್ಲಿಜ್ ಮಾಡಿರುವ ಈ ನರ್ಸ್ ಪಾತ್ರ ಕೊನೆಯವರೆಗೂ ಅವಳನ್ನು ತಡೆಯಲು ನೋಡುತ್ತದೆ. ಪ್ರೀತಿ ಇದೆ, ಆದರೆ ಬಲ ಇಲ್ಲ. ಬೆಸ್ ಬದುಕಿದ್ದಾಗ ಯಾರೂ ಅವಳ ಮುಂದೆ ತಲೆಬಾಗುವುದಿಲ್ಲ. ಗಂಟೆ ಮೊಳಗುವುದು ಅವಳು ಹೋದ ಮೇಲೆ.

ನನ್ನ ತೀರ್ಮಾನ ಇದು. ಆಕಾಶದ ಗಂಟೆಯನ್ನು ನಾನು ಒಪ್ಪುತ್ತೇನೆ. ಯಾನ್ ಎದ್ದು ನಡೆಯುವುದನ್ನು ಒಪ್ಪಲಾರೆ. ಇವೆರಡನ್ನೂ ಒಂದೇ ಪವಾಡ ಅಂತ ತೆಗೆದುಕೊಳ್ಳುವುದರಿಂದಲೇ ಈ ಜಗಳ ಬಗೆಹರಿಯುವುದಿಲ್ಲ ಅಂತ ನನಗೆ ಅನಿಸುತ್ತದೆ. ಗಂಟೆ ಹೇಳುವುದು ಬೆಸ್ ಬಗ್ಗೆ: ಊರು ನರಕಕ್ಕೆ ತಳ್ಳಿದವಳನ್ನು ದೇವರು ತಳ್ಳಲಿಲ್ಲ ಅಂತ. ಅದರಲ್ಲಿ ಕ್ರೌರ್ಯ ಇಲ್ಲ, ಹಿರಿಯರಿಗೆ ಕೊಟ್ಟ ಉತ್ತರ ಇದೆ. ಆದರೆ ಯಾನ್ ನಡೆದ ಕೂಡಲೇ ಅವಳ ಸಾವು ಒಂದು ವ್ಯವಹಾರ ಆಗುತ್ತದೆ. ಇಷ್ಟು ಕೊಟ್ಟಳು, ಅಷ್ಟು ಸಿಕ್ಕಿತು. ಹಡಗಿನಲ್ಲಿ ನಡೆದ ಹಿಂಸೆ ‘ಫಲಿಸಿತು’ ಅಂತ ಆಗಿಬಿಡುತ್ತದೆ. ಯಾನ್ ಹಾಸಿಗೆಯಲ್ಲೇ ಇದ್ದು, ತನ್ನ ಮಾತು ಏನು ಮಾಡಿತು ಅನ್ನುವುದರ ಜೊತೆ ಬಾಳಬೇಕಾಗಿ ಬಂದು, ಕಿಟಕಿಯಿಂದ ಗಂಟೆ ಕೇಳಿಸಿದ್ದರೆ ಆ ಕೊನೆಯನ್ನು ತಾಳಿಕೊಳ್ಳಬಹುದಿತ್ತು.

ಟ್ರಿಯರ್ ಅವರ ನಾಡಿನವರೇ ಆದ ಕಾರ್ಲ್ ಡ್ರೇಯರ್ 1955ರಲ್ಲಿ ‘ಓರ್ಡೆಟ್’ ಮಾಡಿದ್ದರು. ಅಲ್ಲೂ ಹುಚ್ಚ ಅನಿಸಿಕೊಂಡ ನಂಬಿಗಸ್ತ ಇದ್ದಾನೆ, ಅಲ್ಲೂ ಕೊನೆಗೆ ಪವಾಡ ಇದೆ. ಹೆರಿಗೆಯಲ್ಲಿ ತೀರಿಕೊಂಡ ಹೆಂಗಸು ಶವಪೆಟ್ಟಿಗೆಯಿಂದ ಏಳುತ್ತಾಳೆ. ಆ ಪವಾಡದ ಮುಂದೆ ದೇವರನ್ನು ನಂಬದವರಿಗೂ ಸಿಟ್ಟು ಬರುವುದಿಲ್ಲ. ಅದಕ್ಕೆ ಯಾರೂ ಬೆಲೆ ತೆತ್ತಿಲ್ಲವಲ್ಲ, ಅದು ಸುಮ್ನೆ ಸಿಕ್ಕ ಕೃಪೆ. ಟ್ರಿಯರ್ ಆ ಸಿನಿಮಾದಿಂದ ಪವಾಡವನ್ನು ತೆಗೆದುಕೊಂಡರು, ಕೃಪೆಯನ್ನು ತೆಗೆದುಕೊಳ್ಳಲಿಲ್ಲ.

ಈ ಕತೆ 2016ರಲ್ಲಿ ಫಿಲಡೆಲ್ಫಿಯಾದಲ್ಲಿ ಒಪೆರಾ ಆಗಿ ರಂಗಕ್ಕೆ ಬಂತು. ಸಂಗೀತ ಮಿಸ್ಸಿ ಮಝೋಲಿ ಅವರದ್ದು, ಸಾಹಿತ್ಯ ರಾಯ್ಸ್ ವಾವ್ರೆಕ್ ಅವರದ್ದು. 2019ರಲ್ಲಿ ಸ್ಕಾಟಿಷ್ ಒಪೆರಾ ಅದನ್ನು ಎಡಿನ್‌ಬರಾ ಉತ್ಸವಕ್ಕೆ ತಂದು, ಕತೆ ನಡೆದ ನಾಡಿನಲ್ಲೇ ಆಡಿತು. ಕ್ಯಾಮೆರಾ ಹತ್ತಿರ ಹೋಗಿ ಅವಳ ಮುಖ ತೋರಿಸುವ ಅನುಕೂಲ ರಂಗದ ಮೇಲೆ ಇಲ್ಲ. ಅಲ್ಲಿ ಗಂಡಸರದ್ದೇ ಒಂದು ಮೇಳ ಅವಳ ಸುತ್ತ ನಿಲ್ಲುತ್ತದೆ, ಊರ ಹಿರಿಯರು ಆ ಮೇಳವೇ. ಸಿನಿಮಾದಲ್ಲಿ ಬೆಸ್ ಒಬ್ಬಳೇ ಕೂತು ಎರಡು ದನಿಯಲ್ಲಿ ಮಾತಾಡುವಾಗ, ಆ ದಪ್ಪ ದನಿ ದೇವರದ್ದಾ, ಅವಳದ್ದಾ, ಹಿರಿಯರದ್ದಾ ಅನ್ನುವುದನ್ನು ನಾವೇ ತೀರ್ಮಾನಿಸಬೇಕು. ಹಿರಿಯರದ್ದು ಅಂತ ಒಪ್ಪಿದವರಿಗೆ ಕೊನೆಯ ಗಂಟೆ ಬೇರೆ ಥರ ಕೇಳಿಸುತ್ತದೆ. ಹಡಗಿಗೆ ಹೋಗು ಅಂದವನು ಬೇರೆ, ಗಂಟೆ ಬಾರಿಸಿದವನು ಬೇರೆ ಅಂತ ಆಗುತ್ತದೆ. ಇಬ್ಬರೂ ಒಬ್ಬನೇ ಅಂತ ತಿಳಿದವರು ಸಿಟ್ಟಿನಿಂದ ಎದ್ದು ಹೋದರೆ, ಅವರನ್ನು ಕೂರಿಸಿ ಸಮಾಧಾನ ಹೇಳಲು ನನ್ನ ಹತ್ತಿರ ಯಾವ ವಾದವೂ ಇಲ್ಲ.